ತಾಯಿ ಕಡೆಯ ರಕ್ತ

ಮಣಿಪಾಲ,
ಆಸ್ಪತ್ರೆಯ ಮಕ್ಕಳ ವಾರ್ಡು, ಕಿಟಕಿ ಪಕ್ಕದ ಕುರ್ಚಿ
18 ಸೆಪ್ಟೆಂಬರ್ 2025, ಗುರುವಾರ

ಪ್ರೀತಿಯ ಧೃತಿ,

ಹೇಗಿದ್ದೀ? ಕಾಲಿನ ಊತ ಇಳಿದಿದೆಯಾ? ಎಂಟನೇ ತಿಂಗಳಲ್ಲಿ ನನಗೂ ಚಪ್ಪಲಿ ಹಿಡಿಸದಷ್ಟು ಊದಿತ್ತು. ಆಗ ನೀನೇ ಬಿಸಿನೀರಿನ ಬಕೆಟ್ ಹೊತ್ತು ತಂದು ನನ್ನ ಕಾಲು ಇಡಿಸುತ್ತಿದ್ದೆ, ನೆನಪಿರಬಹುದು. ಎಡಮಗ್ಗುಲಿಗೆ ಮಲಗು. ಉಪ್ಪಿನಕಾಯಿ, ಒಣಮೀನಿನ ಚಟ್ನಿ ಸ್ವಲ್ಪ ದಿನ ದೂರ ಇಡು, ಬಿಪಿ ನೋಡಿಸು. ಅಮ್ಮ ನಿನಗೆ ಬಂಗುಡೆ ಸಾರು ಮಾಡಿ ಬಡಿಸುತ್ತಾ, ಮುಂಬೈಯ ಮೀನಿಗೆ ಕಾಪುವಿನ ರುಚಿಯಿಲ್ಲ ಎಂದು ಗೊಣಗುತ್ತಾ ಇರಬಹುದು. ಅವರ ಮಂಡಿನೋವಿನ ಎಣ್ಣೆಯನ್ನು ಕಾಪುವಿನ ಮನೆಯಲ್ಲೇ ಮರೆತು ಹೋಗಿದ್ದಾರೆ, ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನಿನ್ನ ಗಂಡನಿಗೆ ನಮಸ್ಕಾರ ತಿಳಿಸು.

ಕುಶಲ ವಿಚಾರಿಸುವುದು ಮುಗಿಯಿತು. ಇನ್ನು ಮುಂದೆ ಇರುವುದೆಲ್ಲ ಸಿಟ್ಟು, ಹಾಗಾಗಿ ಕೂತುಕೊಂಡು ಓದು. ಬೋಟಿಗೆ ಹೊರಡುವ ಮೊದಲು ನಿನ್ನ ಭಾವ ವಿಶಾಲ್ ನಕ್ಕರು, ಈ ಕಾಲದಲ್ಲಿ ಯಾರು ತಂಗಿಗೆ ಕಾಗದ ಬರೆಯುತ್ತಾರೆ ಎಂದು. ತಂಗಿ ಫೋನಿನಲ್ಲಿ ಬ್ಲಾಕ್ ಮಾಡಿಟ್ಟರೆ ಅಕ್ಕಂದಿರು ಕಾಗದವನ್ನೇ ಬರೆಯಬೇಕು ಎಂದೆ. ಮೇ ತಿಂಗಳಿನಿಂದ ನನ್ನ ಕರೆ ನಿನಗೆ ಹೋಗುತ್ತಿಲ್ಲ. ಅಮ್ಮನ ಫೋನಿಗೆ ಮಾಡಿದರೆ ಅವಳು ಮಲಗಿದ್ದಾಳೆ ಎನ್ನುತ್ತಾರೆ. ಎಷ್ಟು ಮಲಗುತ್ತೀ ಮಾರಾಯ್ತಿ? ನಮ್ಮ ಪಕ್ಕದ ಮನೆಯ ಬೆನೆಡಿಕ್ಟಾ ಬಾಯಿಯ ಮಗ ರೋನಿ ಮುಂಬೈ ಬಸ್ಸು ಓಡಿಸುತ್ತಾನಲ್ಲ, ಇದನ್ನು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕು, ಅಮ್ಮನ ಕೈಗಲ್ಲ ಎಂದು ಹೇಳಿದ್ದೇನೆ. ಎದುರು ನಿಂತು ತುಳುವಿನಲ್ಲಿ ಬೈದಿದ್ದರೆ ಹತ್ತು ಮಾತಿನಲ್ಲಿ ಮುಗಿಯುತ್ತಿತ್ತು. ಕನ್ನಡದಲ್ಲಿ ಬರೆಯಲು ಕೂತರೆ ಶಾಲೆಯ ಪ್ರಬಂಧದ ಮರ್ಯಾದೆ ತಾನಾಗಿಯೇ ಬಂದುಬಿಡುತ್ತದೆ. ಆ ಮರ್ಯಾದೆ ನೋಡಿ ಅಕ್ಕನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ.

ಅಖಿಲ್ ನನ್ನ ಎದುರು ಹಾಸಿಗೆಯ ಮೇಲೆ ಕೂತಿದ್ದಾನೆ. ಎಡಗೈಗೆ ಹಲಗೆ ಕಟ್ಟಿ ಸೂಜಿ ಹಾಕಿದ್ದಾರೆ, ಬಲಗೈಯಲ್ಲಿ ಅಪ್ಪನ ಬೋಟಿನ ಚಿತ್ರ ಬಿಡಿಸುತ್ತಿದ್ದಾನೆ. ತಲೆಯ ಮೇಲೆ ಗಾಜಿನ ಬಾಟಲಿ ತೂಗುತ್ತಿದೆ. ನೀರಿನಂತೆಯೇ ಕಾಣುತ್ತದೆ, ಆದರೆ ಅಲುಗಿದರೆ ನೊರೆ ಏಳುತ್ತದೆ. ತಿಂಗಳಿಗೊಮ್ಮೆ ಇದು ಅವನ ಮೈಗೆ ಹೋಗಬೇಕು, ಅವನು ಬದುಕಿರುವಷ್ಟು ಕಾಲ. ಮೊದಲ ಸಲ ಹಾಕಿದ ದಿನ ಪ್ರೆಸಿಲ್ಲಾ ಸಿಸ್ಟರ್ ಅವನ ಜ್ವರ ನೋಡುತ್ತಾ ಹೇಳಿದ್ದರು, ಈ ಒಂದು ಬಾಟಲಿ ತುಂಬಲು ಸಾವಿರಾರು ಜನ ರಕ್ತ ಕೊಟ್ಟಿರುತ್ತಾರೆ, ಅವರೆಲ್ಲರ ಮೈಯಲ್ಲಿ ರೋಗ ತಡೆಯುವ ಪ್ರತಿಕಾಯಗಳನ್ನು ಸೋಸಿ ಇದರಲ್ಲಿ ಇಟ್ಟಿರುತ್ತಾರೆ ಎಂದು. ಯಾವ ಊರಿನವರೋ, ಯಾವ ಜಾತಿಯವರೋ, ನನ್ನ ಮಗನ ಹೆಸರನ್ನೂ ಕೇಳದವರು. ಅವರು ಕೈ ಚಾಚಿ ರಕ್ತ ಕೊಟ್ಟರು. ನೀನು, ನನ್ನ ಒಡಹುಟ್ಟಿದವಳು, ನಿನ್ನದೇ ಮಗುವಿಗಾಗಿ ಒಂದು ಸಣ್ಣ ಟ್ಯೂಬಿನಷ್ಟು ರಕ್ತ ಕೊಟ್ಟು ಪರೀಕ್ಷೆ ಮಾಡಿಸಲು ತಯಾರಿಲ್ಲ. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು, ನೀನೇ ಹೇಳು.

ಮೇ ತಿಂಗಳಿನಲ್ಲಿ ನೀನು ಪೂರ್ತಿ ಕೇಳಲಿಲ್ಲ, ಹಾಗಾಗಿ ಮೊದಲಿನಿಂದ ಬರೆಯುತ್ತೇನೆ. ಹುಟ್ಟಿದಾಗ ಅಖಿಲ್ ಎಷ್ಟು ಗುಂಡುಗುಂಡಾಗಿದ್ದ ಎಂಬುದು ನಿನಗೇ ಗೊತ್ತು, ಸ್ನಾನ ಮಾಡಿಸಿ ಎಣ್ಣೆ ಹಚ್ಚುತ್ತಿದ್ದವಳು ನೀನು. ಆ ಗಟ್ಟಿತನ ಅವನದಾಗಿರಲಿಲ್ಲವಂತೆ. ಹೊಟ್ಟೆಯಲ್ಲಿರುವಾಗ ತಾಯಿಯ ಪ್ರತಿಕಾಯಗಳು ಮಗುವಿಗೆ ಹೋಗುತ್ತವೆ, ಹುಟ್ಟಿದ ಮೇಲೆ ಐದಾರು ತಿಂಗಳು ಮಗು ಆ ಬುತ್ತಿಯಲ್ಲೇ ನಡೆಯುತ್ತದೆ. ಬುತ್ತಿ ತೀರುವ ಹೊತ್ತಿಗೆ ತನ್ನದನ್ನು ತಾನೇ ಮಾಡಿಕೊಳ್ಳಲು ಕಲಿತಿರುತ್ತದೆ. ಅಖಿಲ್ ಕಲಿಯಲಿಲ್ಲ. ಅಲ್ಲಿಂದ ಶುರುವಾದದ್ದು ಕಿವಿ ಸೋರುವುದು, ಕಣ್ಣು ಅಂಟುವುದು, ತೊಡೆಯಲ್ಲಿ ಕುರ, ಮತ್ತೆ ಎದೆಯ ಗೊರಗೊರ. ಮದ್ದು ಕೊಟ್ಟರೆ ಕಡಿಮೆ, ನಿಲ್ಲಿಸಿದರೆ ಮತ್ತೆ. ಕಾರ್ಕಳದ ಒಬ್ಬ ಡಾಕ್ಟರು ಟಾನಿಕ್ ಬರೆದರು. ಉಡುಪಿಯಲ್ಲಿ ಇನ್ನೊಬ್ಬರು, ಅಂಗನವಾಡಿಗೆ ಹೋಗುವ ಮಕ್ಕಳಿಗೆ ಇದೆಲ್ಲ ಮಾಮೂಲು, ನೀವು ತಾಯಂದಿರು ಹೆದರುವುದು ಹೆಚ್ಚು ಎಂದರು. ಅವನು ಆಗ ಅಂಗನವಾಡಿಯ ಮೆಟ್ಟಿಲೂ ಹತ್ತಿರಲಿಲ್ಲ. ಅಮ್ಮ ನಾಗದೋಷ ಎಂದರು, ಆಶ್ಲೇಷಾ ಬಲಿ ಮಾಡಿಸಿದೆವು. ನಾಗನ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮ ಏನನ್ನು ನುಂಗಿಕೊಂಡು ನಾಗನ ಕಡೆ ಬೆರಳು ತೋರಿಸಿದರು ಎಂಬುದರ ಮೇಲೆ ಸಿಟ್ಟು. ಅದಕ್ಕೆ ಬರುತ್ತೇನೆ.

ರಕ್ತ ಪರೀಕ್ಷೆ ಮಾಡಿಸಲಿಲ್ಲವೆಂದಲ್ಲ. ಮಗುವಿನ ಕೈಯಲ್ಲಿ ನರ ಸಿಗದಷ್ಟು ಸಲ ಮಾಡಿಸಿದೆವು. ಪ್ರತಿ ಸಲ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಬಿಳಿ ಕಣ ಸರಿ ಉಂಟು, ಪ್ಲೇಟ್‌ಲೆಟ್ ಸರಿ ಉಂಟು, ಎಲ್ಲ ನಾರ್ಮಲ್, ಮನೆಗೆ ಹೋಗಿ. ಟೈಫಾಯ್ಡ್ ಇರಬಹುದೆಂದು ನೋಡಿದರು, ನೆಗೆಟಿವ್. ಡೆಂಗಿ ನೋಡಿದರು, ನೆಗೆಟಿವ್. ನಾವು ದೇವರಿಗೆ ಕೈಮುಗಿದೆವು. ಈಗ ಗೊತ್ತಾಗಿದೆ, ಅಂಥ ಎಷ್ಟೋ ಪರೀಕ್ಷೆಗಳು ಹುಡುಕುವುದು ರೋಗಾಣುವನ್ನಲ್ಲವಂತೆ, ರೋಗಾಣು ಬಂದಾಗ ದೇಹ ಕೊಟ್ಟ ಉತ್ತರವನ್ನು. ಉತ್ತರ ಕೊಡುವುದೇ ಗೊತ್ತಿಲ್ಲದ ದೇಹದಲ್ಲಿ ಅದು ಯಾವಾಗಲೂ ನೆಗೆಟಿವ್ ಬರುತ್ತದೆ. ಬಿಳಿ ಕಣಗಳ ಒಟ್ಟು ತಲೆ ಎಣಿಸಿ ಸರಿ ಎಂದರು, ಆ ತಲೆಗಳಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದವರು ಡಾಕ್ಟರ್ ಅಶ್ವಿನಿ. ಫೆಬ್ರವರಿಯಲ್ಲಿ ಮೂರನೇ ಸಲ ನ್ಯುಮೋನಿಯಾ ಆದಾಗ ಇಲ್ಲಿಗೆ ತಂದೆವಲ್ಲ, ಆಗ. ನನಗಿಂತ ಚಿಕ್ಕವರು, ಬಾಗಲಕೋಟೆ ಕಡೆಯವರು. ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ ಅರ್ಧರ್ಧ ಅರ್ಥವಾಗುತ್ತದೆ. ಅಖಿಲ್‌ಗೆ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು. ಇನ್ನೊಮ್ಮೆ ನೋಡಿದರು. ಗಂಟಲಿನ ಎರಡೂ ಪಕ್ಕದಲ್ಲಿ ಮಕ್ಕಳಿಗೆ ಟಾನ್ಸಿಲ್ ಉಬ್ಬಿಕೊಂಡಿರುತ್ತದೆಯಲ್ಲ, ಇವನಿಗೆ ಆ ಜಾಗ ನುಣ್ಣಗಿತ್ತು. ಇಷ್ಟು ಸಲ ಗಂಟಲು ನೋಡಿದವರೆಲ್ಲ ಕೆಂಪಾಗಿದೆಯೇ ಎಂದು ನೋಡಿದ್ದರು, ಇರಬೇಕಾದದ್ದು ಅಲ್ಲಿ ಉಂಟಾ ಎಂದು ನೋಡಿರಲಿಲ್ಲ. ಅವರು ಬ್ಯಾಟರಿ ಆರಿಸಿ, ಸ್ಟೂಲ್ ಎಳೆದುಕೊಂಡು ನನ್ನ ಎದುರು ಕೂತು ಕೇಳಿದರು, "ಅಕ್ಕಾರ, ನಿಮ್ಮ ತವರಮನ್ಯಾಗ ಸಣ್ಣ ಗಂಡಹುಡುಗ್ರು ಯಾರರ ತೀರಿಕೊಂಡಾರೇನ್ರಿ?" ನಾನು ಇಲ್ಲ ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಪಕ್ಕದಲ್ಲಿ ಅಮ್ಮ ಕೂತಿದ್ದರು, ಅವರನ್ನೂ ಕೇಳಿದರು. ಅಮ್ಮ ಅಖಿಲ್‌ನ ಕಾಲಿನ ಮೇಲೆ ಹೊದಿಕೆ ಸರಿಮಾಡುತ್ತಾ, "ಹಾಗೆಂತದ್ದೂ ಇಲ್ಲ ಡಾಕ್ಟ್ರೇ" ಎಂದರು. ಧ್ವನಿ ಸ್ವಲ್ಪವೂ ಅಲುಗಲಿಲ್ಲ.

ರಕ್ತ ಹೋಯಿತು. ಈ ಸಲ ಬೇರೆ ಪರೀಕ್ಷೆ. ಒಂದರಲ್ಲಿ ಪ್ರತಿಕಾಯ ಎಷ್ಟು ಉಂಟೆಂದು ಅಳೆದರು, ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದರಲ್ಲಿ ಬಿಳಿ ಕಣಗಳಿಗೆ ಬಣ್ಣ ಹಚ್ಚಿ ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸಿ, ಯಾವ ಜಾತಿಯದು ಎಷ್ಟು ಎಂದು ಯಂತ್ರ ಎಣಿಸುತ್ತದಂತೆ. ಬಿ ಕೋಶ ಎಂಬ ಒಂದು ಜಾತಿ ಉಂಟು, ಪ್ರತಿಕಾಯ ಮಾಡುವ ಕೋಶವಾಗಿ ಬೆಳೆಯುವುದು ಅದೇ. ಅಖಿಲ್‌ನ ರಕ್ತದಲ್ಲಿ ಆ ಸಾಲೇ ಖಾಲಿ. ನಾವು ಮೀನಿನ ಮನೆಯವರು, ನಮಗೆ ಹೀಗೆ ಹೇಳಿದರೆ ಅರ್ಥವಾಗುತ್ತದೆ. ಬೂತಾಯಿಗೆ ಒಂದು ಕಣ್ಣಿನ ಬಲೆ, ಬಂಗುಡೆಗೆ ಇನ್ನೊಂದು, ಅಂಜಲಿಗೆ ಮತ್ತೊಂದು. ಯಾವ ಮೀನು ಬಂತೆಂದು ನೋಡಿ ಅದಕ್ಕೆ ಸರಿಯಾದ ಬಲೆ ಹೆಣೆಯುವವರು ಎಲ್ಲರ ಮೈಯೊಳಗೂ ಇರುತ್ತಾರೆ. ಇವನೊಳಗೆ ಹೆಣೆಯುವವರೇ ಇಲ್ಲ. ಬಾಟಲಿಯಲ್ಲಿ ಬರುವುದು ಬೇರೆಯವರು ಹೆಣೆದ ಬಲೆ, ತಿಂಗಳೊಳಗೆ ಹರಿದುಹೋಗುತ್ತದೆ, ಮತ್ತೆ ತರಬೇಕು.

ಬಾಟಲಿ ಶುರುವಾದ ಮೇಲೆ ಅವನು ಬೇರೆಯೇ ಮಗುವಾಗಿದ್ದಾನೆ. ಅಂಗನವಾಡಿಗೆ ಹೋಗುತ್ತಾನೆ, ಎರಡನೇ ಸಲ ಅನ್ನ ಕೇಳುತ್ತಾನೆ. ಆದರೆ ಎಡಬದಿಯ ಶ್ವಾಸಕೋಶದ ಕೆಳಗಿನ ಭಾಗ ಹಾಳಾಗಿದೆ, ಅದು ಇನ್ನು ಮೊದಲಿನಂತಾಗುವುದಿಲ್ಲವಂತೆ. ಎಡಗಿವಿ ಅರ್ಧ ಮಾತ್ರ ಕೇಳುತ್ತದೆ. ಈಗಲೂ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಮೊದಲ ವರ್ಷವೇ ಗೊತ್ತಾಗಿದ್ದರೆ ಇದೆರಡೂ ಉಳಿಯುತ್ತಿದ್ದವು ಎಂದು ಡಾಕ್ಟರ್ ಹೇಳಿದಾಗ ನಾನು ಅಳಲಿಲ್ಲ. ಯಾರ ಕುತ್ತಿಗೆ ಹಿಡಿಯಬೇಕೆಂದು ಮಾತ್ರ ಆಗ ಗೊತ್ತಿರಲಿಲ್ಲ.

ಇದು ತಾಯಿಯಿಂದ ಮಗನಿಗೆ ಬರುವ ರೋಗ. ಹುಟ್ಟುಗುಣ ತರುವ ಎಕ್ಸ್ ಎಂಬ ದಾರ ಹೆಂಗಸರಿಗೆ ಎರಡೆಳೆ, ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಗಂಡಿಗೆ ಒಂದೇ ಎಳೆ. ನನ್ನ ರಕ್ತವನ್ನೂ ಹೊರಗಿನ ಲ್ಯಾಬಿಗೆ ಕಳಿಸಿದರು, ನನ್ನಲ್ಲಿ ಅದು ಉಂಟು ಎಂದು ಬಂತು. ಹೊಸದಾಗಿ ನನ್ನಿಂದಲೇ ಶುರುವಾದದ್ದೂ ಇರಬಹುದು, ಅಮ್ಮನಿಂದ ಬಂದದ್ದೂ ಇರಬಹುದು, ತಂಗಿ ಬಸುರಿಯಾದ್ದರಿಂದ ಅವಳೂ ನೋಡಿಸಲಿ ಎಂದರು ಡಾಕ್ಟರ್. ಅದನ್ನೇ ನಿನಗೆ ಮೇ ತಿಂಗಳಿನಲ್ಲಿ ಫೋನ್ ಮಾಡಿ ಹೇಳಿದ್ದು. ನೀನು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪುಂಟು. "ನಿನ್ನಿಂದಲೇ ಶುರುವಾಗಿರಬಹುದು ಅಂತ ಡಾಕ್ಟ್ರೇ ಹೇಳಿದ್ದಾರಲ್ವಾ ಅಕ್ಕಾ? ನಿನ್ನ ಮನೆಯ ರೋಗವನ್ನು ನನ್ನ ಹೊಟ್ಟೆಗೆ ತರಬೇಡ." ನಿನ್ನ ಮನೆ. ಯಾವುದು ಧೃತಿ, ನನ್ನ ಮನೆ? ನಾವಿಬ್ಬರೂ ಹುಟ್ಟಿದ ಮನೆಯಲ್ಲವಾ ಅದು? ಬೇರೆಯವರಿಗೆ ಗೋತ್ರ ಅಪ್ಪನಿಂದ ಬಂದರೆ ನಮ್ಮಲ್ಲಿ ಬಳಿ ಬರುವುದೇ ತಾಯಿಯಿಂದ. ನಿನ್ನನ್ನು ನೋಡಲು ಬಂದವರು ಅಪ್ಪನ ಹೆಸರಿಗಿಂತ ಮೊದಲು ಕೇಳಿದ್ದು ಅಮ್ಮನ ಬಳಿ ಯಾವುದೆಂದು. ಆಸ್ತಿಯ ಮಾತು ಬಂದಾಗ ನಾವು ತಾಯಿ ಕಡೆ, ದೈವದ ಮುಂದೆ ನಿಂತು ಪ್ರಸಾದ ಹಿಡಿಯುವಾಗ ನಾವು ತಾಯಿ ಕಡೆ, ರಕ್ತ ಪರೀಕ್ಷೆ ಎಂದ ಕೂಡಲೇ ಅದು ಹರ್ಷಿಣಿಯ ಕಡೆ.

ಅದನ್ನೂ ನುಂಗಿಕೊಂಡೆ. ಹೊಟ್ಟೆಯಲ್ಲಿ ಮಗು ಇರುವವಳು ಹೆದರಿ ಏನೋ ಹೇಳಿದಳು ಎಂದುಕೊಂಡೆ. ಆಗಸ್ಟಿನಲ್ಲಿ ಆಟಿ ತಿಂಗಳು ಮುಗಿದು ಸೋಣ ಹಿಡಿದ ಮೇಲೆ ಇನ್ನಂಜೆಯಲ್ಲಿ, ನಿನ್ನ ಅತ್ತೆಯ ಮನೆಯಲ್ಲಿ, ನಿನ್ನ ಬಯಕೆ ಶಾಸ್ತ್ರ ಇಟ್ಟುಕೊಂಡಾಗ ನಾನು ಬಂದೆ. ಕರೆಯದಿದ್ದರೂ ಬಂದೆ, ಅಕ್ಕನಿಗೆ ಕರೆಯೋಲೆ ಎಂಥದ್ದು? ಅಖಿಲ್‌ಗೆ ಹೊಸ ನೀಲಿ ಅಂಗಿ ಹಾಕಿಸಿದ್ದೆ. ನಿನಗೆಂದು ಹಸಿರು ಬಳೆಯನ್ನು ಅವನೇ ಆರಿಸಿ ಹಿಡಿದುಕೊಂಡಿದ್ದ. ಗೇಟಿನ ಹತ್ತಿರ ಅಮ್ಮ ಓಡಿಬಂದರು. ಸ್ವಾಗತಕ್ಕೆ ಎಂದುಕೊಂಡೆ. "ಒಳಗೆ ಬರಬೇಡ ಮಗಾ. ಅವಳ ಅತ್ತೆ ಮಗುವಿಗೆ ಎಂತ ಆಗಿದೆ ಅಂತ ಕೇಳಿದ್ರೆ ನಾನು ಎಂತ ಹೇಳುವುದು?" ಎಂದರು. ನೀನು ಚಾವಡಿಯಲ್ಲಿ ಮಣೆಯ ಮೇಲೆ ಕೂತಿದ್ದೆ, ತಲೆ ತುಂಬ ಮಲ್ಲಿಗೆ. ನನ್ನನ್ನು ನೋಡಿದೆ. ನೋಡಲಿಲ್ಲ ಎಂದು ಮಾತ್ರ ಹೇಳಬೇಡ, ನಮ್ಮಿಬ್ಬರ ಕಣ್ಣು ಸೇರಿದ್ದವು. ಅಖಿಲ್ ಚಿಕ್ಕಮ್ಮಾ ಎಂದು ಕರೆದ, ಕಿವಿ ಕೇಳದವರು ಕರೆಯುವ ಹಾಗೆ ಜೋರಾಗಿ. ನೀನು ಪಕ್ಕದವಳ ಸೆರಗು ಸರಿಮಾಡಲು ತಿರುಗಿದೆ. ವಾಪಸು ಬರುವಾಗ ರಿಕ್ಷಾದಲ್ಲಿ ಅವನು ಕೇಳಿದ, ಚಿಕ್ಕಮ್ಮನಿಗೂ ಕಿವಿ ಕೇಳುವುದಿಲ್ಲವಾ ಎಂದು. ಹೌದು ಎಂದೆ.

ಅವನಿಂದ ನಿನ್ನ ಮಗುವಿಗೆ ರೋಗ ಹತ್ತುತ್ತದೆ ಎಂದು ಅಲ್ಲಿ ಯಾರೋ ಹೇಳಿದರಂತೆ. ಹತ್ತುವ ರೋಗ ಇದಲ್ಲ. ಅಷ್ಟು ಜನರ ನಡುವೆ ಯಾರಿಂದಾದರೂ ಯಾರಿಗಾದರೂ ಏನಾದರೂ ಹತ್ತುವುದಿದ್ದರೆ ಅದು ನಿಮ್ಮಿಂದ ಅವನಿಗೆ.

ನೀನು ಮುಂಬೈಗೆ ಹಿಂತಿರುಗಿದೆ. ಅಮ್ಮ ನಿನ್ನ ಹೆರಿಗೆಗೆಂದು ಹೊರಡುವ ಮೊದಲು ಕೆಲವು ದಿನ ಕಾಪುವಿನಲ್ಲೇ ಇದ್ದರು. ಆ ಮಧ್ಯೆ ಒಂದು ಸಂಜೆ ಬೆನೆಡಿಕ್ಟಾ ಬಾಯಿ ಬಂದರು, ಚರ್ಚಿನ ಮೊಂತಿ ಹಬ್ಬಕ್ಕೆ ಮೊದಲು ಮನೆ ತೊಳೆದು ಸುಸ್ತಾಗಿದ್ದೇನೆ, ಒಂದು ಲೋಟ ಚಾ ಕೊಡು ಎನ್ನುತ್ತಾ. ಅಮ್ಮ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದರು. ಅಖಿಲ್‌ನ ಕಿವಿಯಲ್ಲಿ ಹತ್ತಿ ಇಟ್ಟಿದ್ದೆ. ಬಾಯಿ ಅವನನ್ನು ಹತ್ತಿರ ಕರೆದು, ಹತ್ತಿ ತೆಗೆದು ನೋಡಿ, ಯಾವ ಕೆಟ್ಟ ಮನಸ್ಸೂ ಇಲ್ಲದೆ ಅಮ್ಮನ ಕಡೆ ತಿರುಗಿ, "ನಿನ್ನ ಚಂದುವಿನ ಕಿವಿಯೂ ಹೀಗೆಯೇ ಸೋರ್ತಿತ್ತಲ್ವಾ ರತ್ನಾ?" ಎಂದರು. ಅಮ್ಮನ ಕೈ ನಿಂತಿತು. ಚಂದು ಯಾರು ಎಂದು ನಾನು ಕೇಳಿದೆ. ಬಾಯಿ ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು, ಲೋಟ ಕೆಳಗಿಟ್ಟು ಎದ್ದು ಹೋದರು. ನಾನು ಬಿಡಲಿಲ್ಲ, ಅಮ್ಮನಿಂದಲೇ ಒಂದೊಂದಾಗಿ ಹೊರಡಿಸಿದೆ.

ಧೃತಿ, ನಮಗೊಬ್ಬ ಅಣ್ಣನಿದ್ದ. ಚಂದು. ನನಗಿಂತ ಮೊದಲು ಹುಟ್ಟಿದವನು. ಮೊದಲ ಆರು ತಿಂಗಳು ಊರಿನವರೆಲ್ಲ ಎತ್ತಿಕೊಳ್ಳುವಷ್ಟು ಚೆಂದ ಇದ್ದನಂತೆ, ಆಮೇಲೆ ಕಿವಿ, ಆಮೇಲೆ ಎದೆ. ನಡೆಯಲು ಕಲಿಯುವ ಮೊದಲೇ ಹೋದ. ಅವನಿಗೂ ಮೊದಲು, ಅಮ್ಮನ ತಮ್ಮ ವಿಠಲ, ಶಾಲೆಗೆ ಸೇರಿದ ವರ್ಷವೇ ಹೋದ. ನಾವು ಅಮ್ಮನಿಗೆ ಒಡಹುಟ್ಟಿದವರೇ ಇಲ್ಲ ಎಂದುಕೊಂಡು ಬೆಳೆದೆವಲ್ಲ. ನಮಗೆ ಮಾವನೂ ಇದ್ದ, ಅಣ್ಣನೂ ಇದ್ದ. ಇಬ್ಬರೂ ಇಲ್ಲವೆಂದು ಮಾಡಿ ನಮ್ಮನ್ನು ಬೆಳೆಸಿದರು.

ನಾನು ಆ ದಿನ ಅಮ್ಮನಿಗೆ ಹೇಳಬಾರದ್ದನ್ನೆಲ್ಲ ಹೇಳಿದೆ. ಅಖಿಲ್‌ಗೆ ಮೊದಲ ನ್ಯುಮೋನಿಯಾ ಆದಾಗಲೇ ಬಾಯಿ ಬಿಟ್ಟಿದ್ದರೆ ಅವನ ಎದೆ, ಅವನ ಕಿವಿ ಉಳಿಯುತ್ತಿದ್ದವು, ಡಾಕ್ಟರ್ ಮುಖಕ್ಕೆ ಮುಖ ಇಟ್ಟು ಕೇಳಿದಾಗಲೂ ಇಲ್ಲ ಎಂದಿರಲ್ಲ ಎಂದು ಕೂಗಿದೆ. ಅಮ್ಮ ಮೀನಿನ ಕೈಯಲ್ಲೇ ಕೂತು ಕೇಳಿದರು. ಮತ್ತೆ ಒಂದೇ ಸಲ ಮಾತಾಡಿದರು. "ಚಂದುವನ್ನು ಹೂತು ಬಂದ ದಿನ ನಿನ್ನ ಅಜ್ಜಿ, ಅಪ್ಪನ ಅಮ್ಮ, ನನ್ನನ್ನು ಎಂತ ಕರೆದರು ಗೊತ್ತುಂಟಾ? ಗಂಡು ನುಂಗುವವಳು ಅಂತ. ತಮ್ಮನನ್ನು ನುಂಗಿದಳು, ಮಗನನ್ನು ನುಂಗಿದಳು ಅಂತ. ಬಾವಿಕಟ್ಟೆಯಲ್ಲಿ ಹೆಂಗಸರು ತಮ್ಮ ಗಂಡು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ತಿದ್ದರು, ನನ್ನನ್ನು ಕಂಡರೆ. ನೀವಿಬ್ಬರು ಹುಡುಗಿಯರಾದಿರಿ, ಬದುಕಿದಿರಿ. ಆ ಹೆಸರು ಧೃತಿಗೆ ಬರುವುದು ಬೇಡ. ನೀನು ಅವಳಿಗೆ ಹೇಳಬಾರದು." ಕನಿಕರ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಅವರ ಕೈ ತೊಳೆಸಿದೆ, ಒಳಗೆ ಕರೆದುಕೊಂಡು ಹೋದೆ, ಚಾ ಮಾಡಿಕೊಟ್ಟೆ. ಆದರೆ ಸಿಟ್ಟು ಹೋಗಲಿಲ್ಲ. ಅಜ್ಜಿಯ ಬಾಯಿಯಿಂದ ಬಂದ ಒಂದು ಹೊಲಸು ಮಾತಿಗೆ ಹೆದರಿ ಇನ್ನೂ ಎಷ್ಟು ಗಂಡು ಮಕ್ಕಳನ್ನು ಕೊಡಬೇಕು ನಾವು? ನಿನಗೆ ಹೇಳುವುದಿಲ್ಲವೆಂದು ಮಾತು ಕೊಡಲು ಅಮ್ಮ ಕೇಳಿದರು. ನಾನು ಕೊಡಲಿಲ್ಲ. ಮಾರನೆಯ ವಾರ ಅವರು ರೈಲು ಹತ್ತಿದರು. ಇವತ್ತಿನವರೆಗೆ ನಿನಗೆ ಒಂದಕ್ಷರ ಹೇಳಿರುವುದಿಲ್ಲ, ನನಗೆ ಗೊತ್ತು.

ಡಾಕ್ಟರ್ ಅಶ್ವಿನಿಗೆ ಚಂದುವಿನ ವಿಷಯ, ವಿಠಲ ಮಾವನ ವಿಷಯ ಇವತ್ತು ಬೆಳಿಗ್ಗೆ ಬಂದ ಕೂಡಲೇ ಹೇಳಿದೆ. ಅವರು ಎರಡೂ ಹೆಸರನ್ನು ಅಖಿಲ್‌ನ ಫೈಲಿನಲ್ಲಿ ಬರೆದುಕೊಂಡು, "ಹಂಗಾದ್ರ ಇದು ನಿಮ್ಮಿಂದ ಸುರು ಆಗಿದ್ದಲ್ಲ. ನಿಮ್ಮ ತಂಗಿಗೆ ಅರ್ಧಕ್ಕರ್ಧ ಸಾಧ್ಯತಾ ಐತಿ" ಎಂದರು. ಅಂದರೆ ನೀನು ಹಿಡಿದುಕೊಂಡಿದ್ದ ಆ ಒಂದು ನೆವ ಮುಗಿಯಿತು. ನಿನ್ನಲ್ಲಿ ಇರಬಹುದು, ಇಲ್ಲದಿರಬಹುದು. ಇದ್ದರೆ, ಹುಟ್ಟುವುದು ಗಂಡಾದರೆ, ಮತ್ತೆ ಅರ್ಧಕ್ಕರ್ಧ. ಗಂಡೋ ಹೆಣ್ಣೋ ಯಾರೂ ಮೊದಲು ಹೇಳುವುದಿಲ್ಲ, ಹೇಳಲೂ ಬಾರದು. ಏನೂ ಇರಲಿಕ್ಕಿಲ್ಲ ಎಂದು ನೀನು ಕಣ್ಣುಮುಚ್ಚಿ ಕೂರಬಹುದು, ಗಂಡೇ ಆದರೂ ನಾಲ್ಕರಲ್ಲಿ ಮೂರು ಸಲ ಕೂತದ್ದೇ ಸರಿಯೂ ಆಗಬಹುದು. ಉಳಿದ ಆ ಒಂದು ಸಲ ಹೇಗಿರುತ್ತದೆಂದು ನೋಡಬೇಕಾದರೆ ನನ್ನ ಎದುರು ಕೂತಿದ್ದಾನೆ, ಈಗ ಬೋಟಿಗೆ ಕೆಂಪು ಬಣ್ಣ ಹಚ್ಚುತ್ತಿದ್ದಾನೆ. ಮೊದಲೇ ಗೊತ್ತಾದರೆ ತಾಯಿಯ ಬುತ್ತಿ ತೀರುವ ಮೊದಲೇ ಬಾಟಲಿ ಶುರು ಮಾಡಬಹುದು. ಅಂಥ ಮಕ್ಕಳು ಶಾಲೆಗೆ ಹೋಗುತ್ತಾರೆ, ಓಡುತ್ತಾರೆ, ಎರಡೂ ಕಿವಿಯಲ್ಲಿ ಕೇಳುತ್ತಾರೆ.

ನಿನ್ನ ಗಂಡನಿಗೆ ನಾನೇ ಫೋನ್ ಮಾಡಬಹುದಿತ್ತು. ಮಾಡು ಎಂದರು ವಿಶಾಲ್. ಮಾಡಲಿಲ್ಲ. ಅದು ನೀನು ಹೇಳಬೇಕಾದ ಮಾತು, ನಿನ್ನ ಬೆನ್ನ ಹಿಂದೆ ನಾನು ಹೇಳಿದರೆ ಅಮ್ಮ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಎಂತ ವ್ಯತ್ಯಾಸ? ಆದರೆ ಇಷ್ಟು ತಿಳಿದುಕೋ. ನಿನ್ನ ಅತ್ತೆ ಒಂದು ವೇಳೆ ಆ ಹೊಲಸು ಮಾತು ಆಡಿದರೆ, ಮಾರನೆಯ ದಿನ ನಾನು ನಿನ್ನ ಬಾಗಿಲಲ್ಲಿ ಇರುತ್ತೇನೆ. ಅಮ್ಮನ ಪಕ್ಕದಲ್ಲಿ ಆ ಬಾವಿಕಟ್ಟೆಯಲ್ಲಿ ನಿಲ್ಲಲು ಅಕ್ಕ ತಂಗಿ ಯಾರೂ ಇರಲಿಲ್ಲ. ನಿನಗೆ ನಾನಿದ್ದೇನೆ. ನೀನು ಬ್ಲಾಕ್ ಮಾಡಿದರೂ ಇದ್ದೇನೆ, ಅದೇ ನನ್ನ ದೊಡ್ಡ ಸಿಟ್ಟು.

ಬಾಟಲಿ ತಳ ಮುಟ್ಟುತ್ತಾ ಬಂತು, ಪ್ರೆಸಿಲ್ಲಾ ಸಿಸ್ಟರ್ ಎರಡು ಸಲ ಬಂದು ನೋಡಿ ಹೋದರು. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಚಂದುವಿನ ವಿಷಯ ಅವರನ್ನು ಕೇಳುವುದಾದರೆ ಮೆಲ್ಲಗೆ ಕೇಳು, ನನ್ನಂತೆ ಕೂಗಬೇಡ. ನಿನಗೂ ಹೊಟ್ಟೆಯಲ್ಲಿರುವ ಜೀವಕ್ಕೂ ನಮ್ಮ ತಾಯಿ ಕಡೆಯ ದೈವಗಳೆಲ್ಲ ಕಾವಲಿರಲಿ. ಅಖಿಲ್ ಬಳೆಗಳನ್ನು ಇನ್ನೂ ತೆಗೆದಿಟ್ಟಿದ್ದಾನೆ, ಎಣ್ಣೆಯ ಬಾಟಲಿಯ ಜೊತೆ ಹತ್ತಿಯಲ್ಲಿ ಸುತ್ತಿ ಅವನ್ನೂ ಕಳಿಸುತ್ತಿದ್ದೇನೆ.

ಸಿಟ್ಟಿನಲ್ಲೂ ನಿನ್ನವಳೇ ಆದ ಅಕ್ಕ,
ಹರ್ಷಿಣಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಡಾಕ್ಟರ್ ಅಶ್ವಿನಿ ರೌಂಡ್ಸಿಗೆ ಬಂದು, ನಿನಗೆ ಎಷ್ಟನೇ ತಿಂಗಳು ಎಂದು ಕೇಳಿದರು. ಎಂಟು ಎಂದೆ. ನಿಂತಲ್ಲೇ ಹೇಳಿದ್ದನ್ನು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ರೋನಿಯ ಬಸ್ಸಿಗೆ ಹೊತ್ತಾಯಿತು. ನಿನ್ನ ಪರೀಕ್ಷೆಯ ಫಲ ಹೆರಿಗೆಗೆ ಮೊದಲು ಬರದೆಯೂ ಇರಬಹುದು, ಕಾಯಬೇಡ. ಹೆರಿಗೆ ಮಾಡಿಸುವ ಡಾಕ್ಟರಿಗೆ ಈಗಲೇ ಹೇಳಿಡು. ಗಂಡಾದರೆ ಹೊಕ್ಕುಳಬಳ್ಳಿ ಕತ್ತರಿಸುವಾಗಲೇ ಅದರ ರಕ್ತ ಸ್ವಲ್ಪ ತೆಗೆದು ಬಿ ಕೋಶ ಎಣಿಸಲು ಕಳಿಸಬೇಕು. ಮಗುವಿಗೆ ಚುಚ್ಚುವುದೂ ಬೇಡ. ಆ ಲೆಕ್ಕ ಬರುವವರೆಗೆ, ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲಿ ಬಾಯಿಗೆ ಹಾಕುವ ಪೋಲಿಯೊ ಹನಿ ಮತ್ತು ತೋಳಿಗೆ ಕೊಡುವ ಕ್ಷಯದ ಲಸಿಕೆ, ಇವೆರಡನ್ನು ಮಾತ್ರ ತಡೆದು ನಿಲ್ಲಿಸಲು ಹೇಳು. ಅವುಗಳಲ್ಲಿ ಬಲ ಕುಗ್ಗಿಸಿದ ಜೀವಂತ ರೋಗಾಣು ಇರುತ್ತದೆ. ಎಲ್ಲ ಮಕ್ಕಳಿಗೆ ಅದು ರಕ್ಷಣೆ, ಅಖಿಲ್‌ನಂಥವರಿಗೆ ಅದೇ ರೋಗವಾಗಬಹುದು. ಅಖಿಲ್‌ಗೆ ಬೇಡ ಎಂದದ್ದು ನನಗೆ ಗೊತ್ತಿತ್ತು, ನಿನ್ನ ಮಗುವಿಗೆ ಮೊದಲ ದಿನವೇ ಹಾಕುತ್ತಾರೆಂಬುದು ಹೊಳೆದಿರಲಿಲ್ಲ. ಹುಟ್ಟಿದ ದಿನ ಕೊಡುವ ಉಳಿದ ಲಸಿಕೆಗೆ ತಡೆ ಇಲ್ಲ. ಲೆಕ್ಕ ಸರಿ ಬಂದರೆ ಈ ಎರಡನ್ನೂ ಕೂಡಲೇ ಕೊಡಿಸು, ಹೆದರಿ ಬಿಟ್ಟುಬಿಡಬೇಡ. ಮೇಲೆ ಬರೆದ ಬೈಗುಳವೆಲ್ಲ ಓದಲು ಮನಸ್ಸಿಲ್ಲದಿದ್ದರೆ ಬೇಡ. ಈ ತುಂಡನ್ನು ಮಾತ್ರ ಹರಿದು ನಿನ್ನ ಆಸ್ಪತ್ರೆಯ ಫೈಲಿನಲ್ಲಿ ಇಡು. ಅಕ್ಕ ಹೇಳಿದ್ದು ಎಂದು ಯಾರಿಗೂ ಹೇಳಬೇಕಾಗಿಲ್ಲ.